ಯಾರ ಮನೆಯೂ ಅಲ್ಲದ ಕಡೆ ಒಂದು ಚಾ

ನಾಳೆ ಹೋಟೆಲಿಗೆ ಹೋಗುವುದೆಂದು ನಿಶ್ಚಯವಾದರೆ ನನಗೆ ಇವತ್ತೇ ಹಸಿವಾಗಲು ಸುರುವಾಗುತ್ತದೆ. ಹೇಳಿಕೊಳ್ಳಲು ನಾಚಿಕೆಪಡಬೇಕಾದ ಪ್ರಾಯ ನನ್ನದು. ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ, ಮಿತಾಹಾರದ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿ, ಈಗ ಪೆನ್ಶನ್ ತೆಗೆದುಕೊಳ್ಳುತ್ತಿರುವ ಮನುಷ್ಯ ನಾನು. ಸಕ್ಕರೆ ಕಾಯಿಲೆ ಒಳಗೆ ಬರಲೋ ಬೇಡವೋ ಎಂದು ಜಗಲಿಯಲ್ಲಿ ಕಾದು ಕೂತಿದೆ ಎಂದು ಡಾಕ್ಟರು ಹೇಳಿಯಾಗಿದೆ. ಆದರೂ ಪೇಟೆಯಲ್ಲಿ ಹೊಸ ಹೋಟೆಲು ತೆರೆದ ಸುದ್ದಿ ಕೇಳಿದರೆ ನನ್ನ ಕಾಲು ಚಪ್ಪಲಿ ಹುಡುಕುತ್ತದೆ. ನನ್ನ ಹೆಂಡತಿಯ ಪ್ರಕಾರ ನನಗೆ ಮನೆಯ ಅನ್ನ ಇಳಿಯುವುದೇ ಹೋಟೆಲಿನ ಸುದ್ದಿಯನ್ನು ಪಲ್ಯದಂತೆ ನಂಜಿಕೊಂಡಾಗ. ಅವಳು ಚೆನ್ನಾಗಿ ಅಡಿಗೆ ಮಾಡುತ್ತಾಳೆ. ಆದರೆ ಅವಳ ಅಡಿಗೆಮನೆಯಲ್ಲಿ ಎಂತ ಉಂಟು ಎಂಬುದು ಬಾಗಿಲಲ್ಲೇ ಮೂಗಿಗೆ ಗೊತ್ತಾಗುತ್ತದೆ. ಹೋಟೆಲಿನಲ್ಲಿ ಕೂತು, ಎಂತೆಲ್ಲ ಉಂಟು ಎಂದು ಕೇಳಿ, ಉತ್ತರಕ್ಕೆ ಕಾಯುವ ಆ ಅರೆಗಳಿಗೆ ಉಂಟಲ್ಲ, ಅದರ ಸುಖ ಬೇರೆ.

ಬದಿಯಡ್ಕದಲ್ಲಿ ನನ್ನ ಮಾಮೂಲಿ ಹೋಟೆಲೊಂದು ಉಂಟು. ಬಾಗಿಲ ಬಳಿ ಗಾಜಿನ ಕಪಾಟು, ಅದರೊಳಗೆ ಗೋಳಿಬಜೆ, ಬನ್ಸ್, ಬಾಳೆಹಣ್ಣು ಸೀಳಿ ಹಿಟ್ಟಿನಲ್ಲಿ ಅದ್ದಿ ಕಾಯಿಸಿದ ಪಳಂಪೊರಿ. ಬೆಳಗ್ಗಿನ ಬಸ್ಸುಗಳು ಬಂದು ನಿಂತಾಗ ಆ ಕಪಾಟಿನ ಗಾಜು ಒಳಗಿನ ಬಿಸಿಗೆ ಮಂಜು ಹಿಡಿದಿರುತ್ತದೆ. ಒಳಗಿರುವುದು ಎಂತ ಎಂದು ಕಾಣುವುದಿಲ್ಲ, ಏನೋ ಉಂಟು ಎಂದು ಮಾತ್ರ ಕಾಣುತ್ತದೆ. ಮನುಷ್ಯನಿಗೆ ಬೆಳಗ್ಗೆ ಏಳಲು ಇಷ್ಟು ಕಾರಣ ಸಾಕಲ್ಲವೇ?

ಈ ಚಪಲ ನನಗೆ ಅಪ್ಪನಿಂದ ಬಂದದ್ದು. ಅವರ ಕಾಲದಲ್ಲಿ ನಮ್ಮವರು ಹೋಟೆಲಿನಲ್ಲಿ ತಿನ್ನುವುದೆಂದರೆ ಕದ್ದು ಮಾಡುವ ಕೆಲಸವಾಗಿತ್ತು. ಅಪ್ಪ ಪೇಟೆಯಲ್ಲಿ ಮಸಾಲೆದೋಸೆ ತಿಂದು ಬಂದ ದಿನ ಯಾರಿಗೂ ಸಂಶಯ ಬಾರದಿರಲೆಂದು ಮನೆಯಲ್ಲಿ ದಿನಕ್ಕಿಂತ ಹೆಚ್ಚೇ ಉಣ್ಣುತ್ತಿದ್ದರು. ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ ಅಜ್ಜಿಗೆ ಎಲ್ಲ ಗೊತ್ತಾಗುತ್ತಿತ್ತು. ಮಡಿ ಮೈಲಿಗೆಯ ಸಂಗತಿಯೆಲ್ಲ ಈಗ ಸಡಿಲವಾಗಿದೆ. ಮದುವೆಗೆ ಸೀರೆ ತೆಗೆಯಲು ಮಂಗಳೂರಿಗೆ ಹೋದವರು ಸೀರೆಗೆ ಹಿಡಿದಷ್ಟೇ ಹೊತ್ತನ್ನು ಹೋಟೆಲಿಗೂ ಹಿಡಿಯುತ್ತಾರೆ. ಆದರೂ ಸಡಿಲವಾದದ್ದೆಲ್ಲ ಬಿಚ್ಚಿಹೋಗಿದೆ ಎಂದು ತಿಳಿಯಬೇಡಿ. ಒಂದು ಗಂಟು ಎಲ್ಲಿಯೋ ಉಳಿದಿರುತ್ತದೆ, ಕೈ ತಾಗಿದಾಗಲೇ ಗೊತ್ತಾಗುವುದು. ನಾನು ಹೇಳಹೊರಟಿರುವುದು ಅಂಥ ಒಂದು ಗಂಟಿನ ವಿಷಯ, ಮತ್ತು ಅದಕ್ಕಾಗಿ ನಾವು ಕೊಚ್ಚಿಯವರೆಗೆ ಹೋಗಿ ಕುಡಿದ ಚಾದ ವಿಷಯ.

ಕೊಚ್ಚಿಯಲ್ಲಿ ನನ್ನ ಅಕ್ಕನ ಮಗಳು ಪಲ್ಲವಿ ಇದ್ದಾಳೆ. ಮಾತು ತಡವಾಗಿ ಬರುವ ಮಕ್ಕಳಿಗೆ ಮಾತು ಕಲಿಸುವುದು ಅವಳ ಕೆಲಸ. ಮಾವನ ದೌರ್ಬಲ್ಯ ಗೊತ್ತಿರುವ ಹುಡುಗಿ, ಒಳ್ಳೆಯ ಹೋಟೆಲಿಗೆ ಹೋದಾಗಲೆಲ್ಲ ನನಗೆ ಫೋಟೋ ಕಳಿಸುತ್ತಾಳೆ. ಒಂದು ದಿನ ಅವಳು ಕಳಿಸಿದ ಫೋಟೋ ನೋಡಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಮೂರು ಅಂತಸ್ತಿನ ಬೆಳ್ಳಿ ಬಣ್ಣದ ತಟ್ಟೆ. ಕೆಳಗೆ ಬಿಸಿ ತಿಂಡಿ, ನಡುವೆ ತೆಳ್ಳಗಿನ ಸ್ಯಾಂಡ್‌ವಿಚ್, ಮೇಲೆ ಉಗುರಿನಷ್ಟು ಉಗುರಿನಷ್ಟೇ ಇರುವ ಕೇಕು. ಪಕ್ಕದಲ್ಲಿ ಟೋಪಿ ಹಾಕಿ ಕೂತ ಚಾದ ಪಾತ್ರೆ. ಅದರ ಹೆಸರು ಹೈ ಟೀ ಅಂತೆ.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಇದೆಂತ ಹೈ, ಇದೆಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಇಂಗ್ಲೆಂಡಿನಲ್ಲಿ ಹೈ ಟೀ ಎಂದರೆ ದುಡಿದು ದಣಿದು ಬಂದವರು ಎತ್ತರದ ಊಟದ ಮೇಜಿನಲ್ಲಿ ಕೂತು ಹೊಟ್ಟೆ ತುಂಬ ತಿನ್ನುವ ಸಂಜೆಯ ಊಟವಂತೆ. ದೊಡ್ಡ ಮನೆಯ ಹೆಂಗಸರು ತಗ್ಗಿನ ಮೇಜಿನ ಸುತ್ತ ಕೂತು ಚೂರು ಚೂರೇ ತಿನ್ನುವುದು ಬರೀ ಮಧ್ಯಾಹ್ನದ ಚಾ. ನಮ್ಮ ಕಡೆಯ ದೊಡ್ಡ ಹೋಟೆಲುಗಳು ಚೂರು ತಿನ್ನುವವರ ತಿಂಡಿಗೆ ಹೊಟ್ಟೆ ತುಂಬ ತಿನ್ನುವವರ ಹೆಸರನ್ನು ಇಟ್ಟುಬಿಟ್ಟಿವೆ. ಕೇರಳದ ಉದ್ದಗಲಕ್ಕೂ ನಾಲ್ಕು ಗಂಟೆಯಾದರೆ ಎಲ್ಲರೂ ನಾಲುಮಣಿ ಪಲಹಾರ ಎಂದು ಬಾಳೆಹಣ್ಣನ್ನೋ ವಡೆಯನ್ನೋ ಕಾಯಿಸಿ ಚಾದ ಜೊತೆ ತಿನ್ನುತ್ತಾರೆ. ಅದಕ್ಕೆ ಹೈ ಇಲ್ಲ, ಲೋ ಇಲ್ಲ. ಇಷ್ಟೆಲ್ಲ ತಿಳಿದುಕೊಂಡ ಮೇಲೆ ನನ್ನ ಆಸೆ ಇಳಿಯಬೇಕಿತ್ತು, ಇಮ್ಮಡಿಯಾಯಿತು. ಪುಸ್ತಕದ ಜ್ಞಾನದಿಂದ ನನ್ನ ಯಾವ ಆಸೆಯೂ ಇದುವರೆಗೆ ಇಳಿದದ್ದಿಲ್ಲ.

ಆ ಫೋಟೋದ ಮೂಲೆಯಲ್ಲಿ ಒಂದು ಗಂಡಿನ ಕೈ ಇತ್ತು. ನಾನು ತಿಂಡಿ ನೋಡುತ್ತಿದ್ದವನು ಕೈಯನ್ನು ಗಮನಿಸಲಿಲ್ಲ. ನನ್ನ ಹೆಂಡತಿ ಕೈಯನ್ನು ಮಾತ್ರ ನೋಡಿದಳು. ಒಂದು ವಾರದೊಳಗೆ ಪಲ್ಲವಿಯೇ ಎಲ್ಲ ಹೇಳಿದಳು. ಹುಡುಗ ನವೀನ, ಕೊಚ್ಚಿಯಲ್ಲಿ ಹಡಗು ಕಟ್ಟುವ ಕಡೆ ಎಂಜಿನಿಯರು. ಊರು ಬಾಯಾರು. ಅಕ್ಕನ ಮನೆ ಪೆರ್ಲದ ಬಳಿ. ಬಾಯಾರು ಎಂದರೆ ಜೀಪಿನಲ್ಲಿ ಕೂತು ಎರಡು ಸಲ ಎಲೆಅಡಿಕೆ ಜಗಿಯುವಷ್ಟರಲ್ಲಿ ತಲುಪುವ ದೂರ. ಹುಡುಗನ ಅಪ್ಪ ವಲೇರಿಯನ್ ಪೊರ್ಬುಗಳು ನಮಗೆ ಹೊಸಬರೂ ಅಲ್ಲ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹಿರಿಯರನ್ನು ನಮ್ಮೂರಲ್ಲಿ ಪೊರ್ಬುಗಳು ಎಂದೇ ಕರೆಯುವುದು, ಅವರ ಹೆಂಗಸರನ್ನು ಬಾಯಮ್ಮ ಎಂದು. ಅವರಿಗೂ ಅಡಿಕೆ ತೋಟ, ನನ್ನ ಭಾವನಿಗೂ ಅಡಿಕೆ ತೋಟ. ಬದಿಯಡ್ಕದ ಅಡಿಕೆ ಅಂಗಡಿಯ ಬೆಂಚಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಕೊಳೆರೋಗದ ಬಗ್ಗೆ ತುಳುವಿನಲ್ಲಿ ಮಾತಾಡಿಕೊಂಡು, ಒಬ್ಬರ ವೀಳ್ಯದೆಲೆಗೆ ಇನ್ನೊಬ್ಬರು ಸುಣ್ಣ ಹಚ್ಚಿಕೊಡುವುದನ್ನು ನಾನೇ ನೋಡಿದ್ದೇನೆ. ಎಲೆಅಡಿಕೆಗೆ ಜಾತಿ ಇಲ್ಲ. ಅದು ಹೊಟ್ಟೆಗೆ ಹೋಗುವುದಿಲ್ಲವಲ್ಲ.

ಹೊಟ್ಟೆಗೆ ಹೋಗುವುದರಲ್ಲಿಯೇ ನಮ್ಮ ಕಷ್ಟ. ನಾವು ಬ್ರಾಹ್ಮಣರು. ಸುದ್ದಿ ಕೇಳಿದ ಮೇಲೆ ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ, ಮಗಳ ಹತ್ತಿರ ಮಾತು ಬಿಡಲಿಲ್ಲ. ಹುಡುಗ ಒಳ್ಳೆಯವನು ಎಂದೂ ಒಪ್ಪಿದಳು. ಆದರೆ ಒಂದು ಸಂಜೆ ನಾನು ಅವಳ ಅಡಿಗೆಮನೆಯ ಮೆಟ್ಟಿಲಲ್ಲಿ ಕೂತಿದ್ದಾಗ ಮೆಲ್ಲನೆ ಹೇಳಿದಳು: "ಜಾತಿ ಗೀತಿ ನನಗೆ ಗೊತ್ತಿಲ್ಲ ಮಾರಾಯ. ಆದರೆ ಆ ಮನೆಯಲ್ಲಿ ನನಗೆ ಒಂದು ಲೋಟ ನೀರು ಗಂಟಲಲ್ಲಿ ಇಳಿಯದಿದ್ದರೆ ಎಂತ ಮಾಡುವುದು? ಮಗಳ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಬರುವುದಾ?"

ಇದು ಹಟವಲ್ಲ, ಹೆದರಿಕೆ. ಅರವತ್ತು ವರ್ಷ ಬೇರೆಯವರ ಮನೆಯಲ್ಲಿ ನೀರು ಮುಟ್ಟದ ನಾಲಿಗೆ ಅದು. ಮನಸ್ಸು ಒಪ್ಪಿದರೂ ನಾಲಿಗೆ ಒಪ್ಪುತ್ತದೋ ಇಲ್ಲವೋ ಎಂದು ಅವಳಿಗೇ ಗೊತ್ತಿರಲಿಲ್ಲ. ಒಪ್ಪದಿದ್ದರೆ ಮಗಳ ಎದುರು, ಬೀಗರ ಎದುರು ಮುಖ ಉಳಿಯುವುದಿಲ್ಲ. ಪಲ್ಲವಿಯದ್ದು ಇನ್ನೊಂದು ಕಡೆ. ಅಮ್ಮನಿಗೆ ಬಂದು ಕೂತು ಉಣ್ಣಲಾಗದ ಮನೆ ತನಗೆ ಬೇಡ, ನವೀನನನ್ನು ಬಿಟ್ಟು ಬೇರೆ ಯಾರೂ ಬೇಡ ಎಂದು ಅವಳು ಫೋನಿನಲ್ಲಿ ನನ್ನೊಡನೆ ಅತ್ತಿದ್ದಳು. ಭಾವನ ಅಭಿಪ್ರಾಯ ಕೇಳಿದರೆ ಅವರ ಬಾಯಿಯಲ್ಲಿ ಯಾವಾಗಲೂ ಎಲೆಅಡಿಕೆ. ಕಷ್ಟದ ಪ್ರಶ್ನೆ ಬರುತ್ತದೆಂದು ಗೊತ್ತಾದ ಕೂಡಲೇ ಅವರು ಒಂದು ಹೋಳು ಹೆಚ್ಚೇ ಹಾಕಿಕೊಳ್ಳುತ್ತಾರೆ.

ಇನ್ನು ಎರಡು ಮನೆಯವರು ಭೇಟಿಯಾಗಬೇಕಲ್ಲ. ಅಲ್ಲಿಯೂ ತೊಡಕು. ಅವರು ನಮ್ಮಲ್ಲಿಗೆ ಬಂದರೆ ಬೆಲ್ಲ ನೀರು ಕೊಡದೆ ಆಗುವುದಿಲ್ಲ, ಕೊಡಲು ಅಕ್ಕನಿಗೆ ಅಡ್ಡಿಯೂ ಇಲ್ಲ. ಕೊಟ್ಟ ಮೇಲೆ ಅವರು ಕರೆಯುತ್ತಾರೆ, ನಾವು ಅಲ್ಲಿಗೆ ಹೋಗಬೇಕಾಗುತ್ತದೆ. ಹೋದರೆ ಅವರೂ ಕೊಡುತ್ತಾರೆ. ಹೀಗೆ ಒಂದು ಲೋಟದ ಹಿಂದೆ ಇನ್ನೊಂದು ಲೋಟ ಸಾಲಾಗಿ ನಿಂತಿತ್ತು. ಆಗ ನನ್ನೊಳಗಿನ ಹೊಟ್ಟೆಬಾಕ ಬಾಯಿ ಹಾಕಿದ. ಹೋಟೆಲಿನಲ್ಲಿ ಭೇಟಿಯಾದರೆ ಹೇಗೆ ಎಂದು ಕೇಳಿದೆ.

ಅಕ್ಕ ಯೋಚಿಸಿದಳು. ಹೋಟೆಲು ಅವಳಿಗೆ ಅಷ್ಟು ತೊಂದರೆಯಿಲ್ಲದ ಜಾಗ. ಮೊಟ್ಟೆ, ಮಾಂಸ ಮುಟ್ಟದಿದ್ದರೆ ಸಾಕು. ಅವಳ ಲೆಕ್ಕದಲ್ಲಿ ಹೋಟೆಲು ಯಾರ ಮನೆಯೂ ಅಲ್ಲ. ಅಲ್ಲಿ ತಿಂದದ್ದಕ್ಕೆ ಬಿಲ್ಲು ಕೊಟ್ಟು ಎದ್ದು ಬಂದರೆ ಋಣ ಅಲ್ಲಿಗೇ ಮುಗಿಯಿತು, ಯಾರೂ ಯಾರಿಗೂ ಏನೂ ಆಗುವುದಿಲ್ಲ. ನನಗೆ ಆಗ ಹೊಳೆಯಿತು, ಹೋಟೆಲು ಎಂಬುದು ಎಷ್ಟು ದೊಡ್ಡ ಉಪಕಾರಿ ಎಂದು. ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದ ಊರಿನಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿದದ್ದು ಹೋಟೆಲಿನಲ್ಲಿ. ಯಾವ ಭಾಷಣವೂ ಇಲ್ಲದೆ, ಬನ್ಸು ಸಾಂಬಾರಿನ ಬಲದಿಂದ ಮಾಡಿದ ಕೆಲಸ ಅದು. ನಾನು ಅದರ ಬಗ್ಗೆ ಐದು ನಿಮಿಷ ಮಾತಾಡಿದೆ. ಅಕ್ಕ ಅಷ್ಟರಲ್ಲಿ ತೆಂಗಿನಕಾಯಿ ಹೆರೆದು ಮುಗಿಸಿದ್ದಳು.

ಯಾವ ಹೋಟೆಲು? ಬದಿಯಡ್ಕದಲ್ಲಾದರೆ ನಾವು ಚಾ ಮುಗಿಸುವ ಮೊದಲು ಸುದ್ದಿ ಪುತ್ತೂರಿನ ಬಸ್ಸು ಹತ್ತಿರುತ್ತದೆ. ಮಂಗಳೂರಿನಲ್ಲಿ ಯಾವ ಹೋಟೆಲಿಗೆ ಹೋದರೂ ಪಕ್ಕದ ಮೇಜಿನಲ್ಲಿ ಅತ್ತೆಯ ಕಡೆಯ ಯಾರಾದರೂ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ನಾನು ತುಂಬ ಯೋಚಿಸಿದವನ ಮುಖ ಮಾಡಿಕೊಂಡು, ಮಕ್ಕಳು ಇರುವುದು ಕೊಚ್ಚಿಯಲ್ಲಲ್ಲವೇ, ಅಲ್ಲಿಯೇ ಆದರೆ ಅವರಿಗೂ ರಜೆ ಹಾಕುವುದು ತಪ್ಪುತ್ತದೆ ಎಂದೆ. ಮೂರಂತಸ್ತಿನ ತಟ್ಟೆಯ ಹೆಸರೆತ್ತಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಾಗಿ, ಈ ಸಂಬಂಧ ಕೂಡಿಬಂದರೆ ಅದರ ಪುಣ್ಯ ಆ ಕೇಕಿಗೆ ಸೇರಬೇಕು ಎಂದಳು. ಮಂಡಿನೋವೆಂದು ಅವಳು ಬರಲಿಲ್ಲ.

ಹೀಗೆ, ಪೆರ್ಲದವರೂ ಬಾಯಾರಿನವರೂ ಒಟ್ಟಿಗೆ ಕೂತು ಒಂದು ಚಾ ಕುಡಿಯಲು ಕೇರಳದ ಅರ್ಧವನ್ನು ದಾಟಿ ಹೋದೆವು. ಕಾಸರಗೋಡಿನಿಂದ ಒಂದೇ ರೈಲು. ಪ್ಲಾಟ್‌ಫಾರ್ಮಿನಲ್ಲಿ ಎರಡು ಮನೆಯವರೂ ಎದುರಾದೆವು. ಅಲ್ಲಿ ಹೆಚ್ಚು ಮಾತಾಡಿದರೆ ಕೊಚ್ಚಿಯ ಭೇಟಿಗೆ ಏನೂ ಉಳಿಯುವುದಿಲ್ಲ ಎಂಬಂತೆ ನಕ್ಕು, ಕೈ ಮುಗಿದು, ಬೇರೆ ಬೇರೆ ಡಬ್ಬಿ ಹತ್ತಿದೆವು. ಭಾವ ಮಾತ್ರ ಕಣ್ಣೂರು ದಾಟಿದ ಮೇಲೆ ಕಾಲು ಆಡಿಸಿ ಬರುತ್ತೇನೆಂದು ಹೋದವರು ತುಂಬ ಹೊತ್ತು ಬರಲಿಲ್ಲ. ಬರುವಾಗ ತುಟಿ ಹೊಸದಾಗಿ ಕೆಂಪಾಗಿತ್ತು. ಪೊರ್ಬುಗಳ ಎಲೆಸಂಚಿ ಯಾವ ಡಬ್ಬಿಯಲ್ಲಿದೆ ಎಂದು ನಮಗೆ ಗೊತ್ತಾಯಿತು. ನಾನು ದಾರಿಯುದ್ದಕ್ಕೂ ಅಕ್ಕ ಕಟ್ಟಿ ತಂದ ಇಡ್ಲಿಯನ್ನು ತಿನ್ನದೆ ಹೊಟ್ಟೆಯನ್ನು ಖಾಲಿ ಉಳಿಸಿಕೊಂಡೆ. ಇಷ್ಟು ಸಂಯಮ ನನ್ನಿಂದ ಸಾಧ್ಯವೆಂದು ನನಗೇ ಗೊತ್ತಿರಲಿಲ್ಲ.

ಹೋಟೆಲನ್ನು ನೀವು ನೋಡಬೇಕಿತ್ತು. ಹಿನ್ನೀರಿನ ದಡದಲ್ಲಿ, ಗೋಡೆಯಿಡೀ ಗಾಜು. ಹೊರಗೆ ದೋಣಿಗಳು ಹೋಗುತ್ತಿದ್ದವು, ಒಳಗೆ ಯಾರೋ ಪಿಯಾನೋ ಬಾರಿಸುತ್ತಿದ್ದರು. ನಾಲ್ಕು ಗಂಟೆಯ ಬಿಸಿಲು ಮೇಜಿನ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ನನಗೆ ಎಲ್ಲಿ ನೋಡುವುದು ಎಂದೇ ತಿಳಿಯಲಿಲ್ಲ. ಕೈವಸ್ತ್ರವನ್ನು ಎಷ್ಟು ಚಂದ ಮಡಚಿಟ್ಟಿದ್ದರೆಂದರೆ ಅದನ್ನು ಬಿಡಿಸಲು ಮನಸ್ಸಾಗದೆ ಹಾಗೆಯೇ ಇಟ್ಟು ನನ್ನ ಕರ್ಚೀಫನ್ನು ತೊಡೆಯ ಮೇಲೆ ಹಾಸಿಕೊಂಡೆ. ಚಾದ ಕಾರ್ಡಿನಲ್ಲಿ ಒಂದು ಪುಟ ತುಂಬ ಚಾದ ಹೆಸರುಗಳು. ಅದರಲ್ಲಿ ಅತ್ಯಂತ ಉದ್ದದ ಹೆಸರನ್ನು ಆರಿಸಿ ಹೇಳಿದೆ. ಬಡಿಸುವವನು, ನಲವತ್ತರ ಸುಮಾರಿನ ಬಿಳಿ ಕೋಟಿನ ಮಲಯಾಳಿ, ತಲೆಬಾಗಿಸಿ ಬರೆದುಕೊಂಡ. ಮೊಟ್ಟೆ ಹಾಕದ ತಿಂಡಿಯೇ ಬೇಕೆಂದು ಪಲ್ಲವಿ ಮೊದಲೇ ಹೇಳಿಟ್ಟಿದ್ದಳು. ಆದರೂ ಅಕ್ಕ ಅವನನ್ನು ಕರೆದು ಇನ್ನೊಮ್ಮೆ ಕೇಳಿದಳು.

ದುಂಡು ಮೇಜಿನ ಸುತ್ತ ನಾವು ಏಳು ಜನ. ಒಂದು ಕಡೆ ಅಕ್ಕ, ಭಾವ, ನಾನು. ಎದುರು ವಲೇರಿಯನ್ ಪೊರ್ಬುಗಳು, ಅವರ ಹೆಂಡತಿ ಲಿಲ್ಲಿ ಬಾಯಮ್ಮ, ಅಗಲ ಮುಖದ ನಗುಮೊಗದ ಹೆಂಗಸು. ಎರಡು ದಡಗಳ ನಡುವೆ ಮಕ್ಕಳಿಬ್ಬರು. ನಮ್ಮ ಮನೆಮಾತು ಒಂದು, ಅವರದ್ದು ಕೊಂಕಣಿ, ಪೇಟೆಯಲ್ಲಿ ಎಲ್ಲರದ್ದೂ ತುಳು. ಆದರೆ ಅವತ್ತು ಎಲ್ಲರೂ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಮಾಡುವವರ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಪ್ರಯಾಣ ಸುಖಕರವಾಗಿತ್ತೇ ಎಂದು ಪೊರ್ಬುಗಳು ಭಾವನನ್ನು ಕೇಳಿದರು. ರೈಲಿನಲ್ಲಿ ತಮ್ಮದೇ ಎಲೆಸಂಚಿ ಬರಿದು ಮಾಡಿದವರನ್ನು! ಇಂಥ ಹೋಟೆಲಿನಲ್ಲಿ ಉಗುಳಲು ಜಾಗವಿಲ್ಲದ ಕಾರಣ ಭಾವನ ಬಾಯಿ ಅಪರೂಪಕ್ಕೆ ಖಾಲಿಯಿತ್ತು. ಆದರೆ ಬಳಸಿ ಅಭ್ಯಾಸವಿಲ್ಲದೆ ಅವರು ಬರೀ ತಲೆಯಾಡಿಸಿದರು.

ತಿಂಡಿ ಬಂತು. ಎರಡು ಕಡೆಗೆ ಎರಡು, ಮೂರಂತಸ್ತಿನ ತಟ್ಟೆಗಳು. ಫೋಟೋಕ್ಕಿಂತ ಚಂದ. ಕೆಳಗಿನ ತಟ್ಟೆಯಲ್ಲಿ ಹೊಗೆಯಾಡುವ ಸಮೋಸ, ಮತ್ತು ನಂಬಿದರೆ ನಂಬಿ, ಬೆರಳುದ್ದಕ್ಕೆ ಕತ್ತರಿಸಿದ ಪಳಂಪೊರಿ. ನನಗೆ ಬಾಯಿಯಲ್ಲಿ ನೀರು. ಬಡಿಸುವವನು ಚಾ ಬಗ್ಗಿಸಿ ಹೋದ. ಅಷ್ಟಾಯಿತು, ಅಲ್ಲಿಗೆ ನಿಂತಿತು. ಯಾರೂ ಮುಟ್ಟಲಿಲ್ಲ.

ಯಾಕೆ ಎಂದು ನಿಮಗೆ ಹೇಳಬೇಕು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತರೆ, ಎಲ್ಲರಿಗೂ ಬಡಿಸಿ ಆಗಿ, ಮನೆಯ ಯಜಮಾನ ಬಂದು ನಿಂತು ಕೈ ಮುಗಿದು ಊಟಕ್ಕೆ ಅಪ್ಪಣೆ ಕೊಡಬೇಕು. ಅಲ್ಲಿವರೆಗೆ ಎಲೆಗೆ ಕೈ ಹಾಕಬಾರದು. ಹೋಟೆಲಿನಲ್ಲಿ ಯಜಮಾನ ಯಾರು? ಹುಡುಗನ ಕಡೆಯವರು ನೆಂಟರು, ಅವರು ಮೊದಲು ತೆಗೆದುಕೊಳ್ಳಲಿ ಎಂದು ಅಕ್ಕ ಕಾದಳು. ಲಿಲ್ಲಿ ಬಾಯಮ್ಮನಿಗೆ ಇನ್ನೊಂದು ಹಳೆಯ ಮರ್ಯಾದೆ. ಭಟ್ಟರ ಮನೆಯವರು ಕೂತಿರುವಾಗ ತಾವು ಮೊದಲು ಕೈ ಹಾಕಿದರೆ ಅವರು ಆಮೇಲೆ ಮುಟ್ಟುತ್ತಾರೋ ಇಲ್ಲವೋ ಎಂಬ ಸಂಕೋಚ. ಪೊರ್ಬುಗಳಿಗೆ ಪ್ರಾರ್ಥನೆ ಹೇಳದೆ ತುತ್ತು ಎತ್ತಿ ಅಭ್ಯಾಸವಿಲ್ಲ, ನಮ್ಮೆದುರು ಹೇಳಲು ನಾಚಿಕೆ. ಭಾವನಿಗೆ ತಿನ್ನುವ ಮೊದಲು ಎಲೆಯ ಸುತ್ತ ನೀರು ಬಿಡಬೇಕು. ಅವರು ಗಾಜಿನ ಲೋಟ ನೋಡಿದರು, ಪಿಂಗಾಣಿ ತಟ್ಟೆ ನೋಡಿದರು, ಬಿಳಿ ಬಟ್ಟೆ ನೋಡಿದರು, ಕೈಯನ್ನು ವಾಪಸು ತೊಡೆಯ ಮೇಲಿಟ್ಟರು.

ಕೊಚ್ಚಿಯ ದೊಡ್ಡ ಹೋಟೆಲಿನ ಚಾದ ಮೇಜಿನ ಮೇಲೆ ನಾವು ನಮ್ಮೂರ ಪಂಕ್ತಿಯನ್ನು ಹಾಸಿ, ಅಪ್ಪಣೆ ಕೊಡುವವರಿಲ್ಲದೆ ಕೂತಿದ್ದೆವು. ಪಿಯಾನೋದವನು ಒಂದು ಹಾಡು ಮುಗಿಸಿ ಇನ್ನೊಂದು ಸುರು ಮಾಡಿದ. ಬಡಿಸುವವನು ಬಂದು, ತಿಂಡಿಯಲ್ಲಿ ಏನಾದರೂ ಕುಂದುಂಟೇ ಎಂದು ಮಲಯಾಳದಲ್ಲಿ ಮೆತ್ತಗೆ ವಿಚಾರಿಸಿ ಹೋದ. ನವೀನ ಸ್ಯಾಂಡ್‌ವಿಚ್ಚಿನ ವರ್ಣನೆ ಮಾಡಿ ನೋಡಿದ. ಪಲ್ಲವಿ ಅಮ್ಮನ ಮುಖ ನೋಡುವುದನ್ನೇ ಬಿಟ್ಟು ಹೊರಗಿನ ದೋಣಿ ನೋಡತೊಡಗಿದಳು. ಮಾತು ಬಾರದ ಮಕ್ಕಳಿಂದ ಮಾತು ತೆಗೆಸುವ ಹುಡುಗಿಗೆ ಈ ಮೇಜಿನಲ್ಲಿ ಏನು ಮಾಡುವುದೆಂದು ತೋಚಲಿಲ್ಲ. ನನ್ನ ಹಸಿವು ಎಲ್ಲಿ ಹೋಯಿತೋ! ನನ್ನ ಕೇಕಿನ ಆಸೆಗೆ ಈ ಮಕ್ಕಳನ್ನು ಇಲ್ಲಿಯವರೆಗೆ ಎಳೆತಂದು ಕೆಡಿಸಿದೆನೋ ಎಂದು ಹೆದರಿದೆ.

ಆಗ ಅಕ್ಕ ಎದ್ದಳು. ಹೊರಟೇ ಹೋಗುತ್ತಾಳೆಂದು ನಾನು ತಿಳಿದೆ. ಅವಳು ಹೊರಡಲಿಲ್ಲ. ಬಿಸಿ ತಿಂಡಿ ಕಣ್ಣೆದುರು ತಣ್ಣಗಾಗುವುದನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಲು ಅವಳ ಕೈಯಿಂದ ಆಗಲಿಲ್ಲ, ಅಷ್ಟೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೂರಂತಸ್ತಿನಿಂದ ಕೆಳಗಿನ ತಟ್ಟೆಯನ್ನು ಎಳೆದು ತೆಗೆದಳು. ಪೊರ್ಬುಗಳಿಂದ ಸುರು ಮಾಡಿ, ನಮ್ಮೂರಲ್ಲಿ ಪಂಕ್ತಿಗೆ ಬಡಿಸುವ ಕ್ರಮದಲ್ಲಿಯೇ, ಬಗ್ಗಿ ಬಗ್ಗಿ ಒಬ್ಬೊಬ್ಬರ ತಟ್ಟೆಗೂ ಹಾಕುತ್ತ ಬಂದಳು. ಬಡಿಸುವವನು ಓಡಿ ಬಂದ. ನಾನು ಕೈ ತೋರಿಸಿ ತಡೆದೆ. ಅವನು ಅಲ್ಲಿಯೇ ನಿಂತು ನೋಡಿದ, ಪಿಯಾನೋದವನೂ ನೋಡಿದ, ಹೋಟೆಲಿಗೆ ಹೋಟೆಲೇ ನೋಡಿತು. ಅಕ್ಕನಿಗೆ ಅದೆಲ್ಲ ಎಲ್ಲಿ? ಬಡಿಸುತ್ತ ಬಂದ ರಭಸದಲ್ಲಿ ಪಕ್ಕದ ಮೇಜಿನಲ್ಲಿ ಒಬ್ಬರೇ ಕೂತು ಪೇಪರು ಓದುತ್ತಿದ್ದ ನರೆಗೂದಲಿನವರ ತಟ್ಟೆಗೂ ಒಂದು ಪಳಂಪೊರಿ ಇಟ್ಟು ಬಂದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡಿ, ಪೇಪರು ಮಡಚಿಟ್ಟು ತಿಂದರು.

ನನಗೆ ಹಿಗ್ಗೋ ಹಿಗ್ಗು. ಸಮೋಸ ಆಯಿತು, ಸ್ಯಾಂಡ್‌ವಿಚ್ ಆಯಿತು, ಕೇಕು ಬಂತು. ಪೊರ್ಬುಗಳು ಸಾಕು ಎಂದರೆ ಅಕ್ಕ ಒಂದು ಹೆಚ್ಚು ಹಾಕಿದಳು. ಎಲ್ಲರಿಗೂ ಬಡಿಸಿ ಆದ ಮೇಲೆ ನಿಂತು, ಇನ್ನು ಸುರು ಮಾಡಿ ಎಂದಳು. ಅಪ್ಪಣೆ ಸಿಕ್ಕಿತಲ್ಲ! ಪೊರ್ಬುಗಳು ಗಡಿಬಿಡಿಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅದೇ ಗಡಿಬಿಡಿಯ ಮರೆಯಲ್ಲಿ ಭಾವ ತಟ್ಟೆಯ ಸುತ್ತ ನೀರು ಬಿಟ್ಟರು. ಬಿಳಿ ಬಟ್ಟೆ ದುಂಡಗೆ ಒದ್ದೆಯಾಯಿತು. ಒಬ್ಬರದ್ದನ್ನು ಒಬ್ಬರು ನೋಡಿದರು, ಇಬ್ಬರೂ ತುಳುವಿಗೆ ಇಳಿದು ಪಳಂಪೊರಿಯ ಬಗ್ಗೆ ಮಾತಾಡತೊಡಗಿದರು.

ನಾನು ಎರಡನೆಯ ಸಮೋಸದಲ್ಲಿದ್ದಾಗ ಪಲ್ಲವಿಯ ಮುಖ ನೋಡಿದೆ. ಅವಳು ತಿನ್ನುತ್ತಿರಲಿಲ್ಲ. ಅವಳ ಕಣ್ಣು ಅಮ್ಮನ ಖಾಲಿ ಕುರ್ಚಿಯ ಎದುರಿನ ಖಾಲಿ ತಟ್ಟೆಯ ಮೇಲಿತ್ತು. ನನಗೆ ಅಷ್ಟು ಹೊತ್ತಿಗೆ ತಲೆಗೆ ಹೋಯಿತು. ಬಡಿಸುವವರು ಪಂಕ್ತಿಯಲ್ಲಿ ಕೂತುಕೊಳ್ಳಬೇಕೆಂದಿಲ್ಲ. ಅವರು ಆಮೇಲೆ ಉಣ್ಣುತ್ತಾರೆ, ಉಂಡರೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಎಲ್ಲರನ್ನೂ ಉಪಚಾರ ಮಾಡಿ, ತಾನು ಯಾರೊಂದಿಗೂ ಕೂತು ತಿನ್ನದೆ, ಯಾರ ಮನಸ್ಸನ್ನೂ ನೋಯಿಸದೆ ಪಾರಾಗುವ ದಾರಿ ನನ್ನ ಅಕ್ಕನಿಗೆ ಸಿಕ್ಕಿಬಿಟ್ಟಿತ್ತು. ಬೇಕೆಂದೇ ಹುಡುಕಿದ್ದಲ್ಲ, ಕಾಲಿಗೆ ಸಿಕ್ಕಿದ ದಾರಿ. ಅಲ್ಲಿಯೇ ನಿಂತು ಅವಳು ನಗುತ್ತ, ಇನ್ನೊಂದು ಹಾಕಲೇ ಎಂದು ಕೇಳುತ್ತಿದ್ದಳು. ಹೀಗೆಯೇ ಮುಂದೆ ಮಗಳ ಮನೆಯಲ್ಲೂ ಬಾಗಿಲಲ್ಲಿ ನಗುತ್ತ ನಿಂತಿರಬಹುದೆಂದು ನನಗೆ ಕಂಡು ಅರ್ಧ ಸಮೋಸವನ್ನು ತಟ್ಟೆಗಿಟ್ಟೆ.

ಲಿಲ್ಲಿ ಬಾಯಮ್ಮ ಅರ್ಧ ತಿಂದ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಎದ್ದರು, ನನ್ನ ಹಿಂದಿನಿಂದ ಸುತ್ತಿ ಬಂದರು. ಅಷ್ಟು ಹೊತ್ತು ಅಮ್ಮಾ, ಅಮ್ಮಾ ಎನ್ನುತ್ತಿದ್ದವರು ಅಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡು ಬೇರೆ ರೀತಿ ಮಾತಾಡಿದರು.

"ಇನ್ನು ನೀವು ಕೂತುಕೊಳ್ಳಿ ಅಕ್ಕ. ನಮ್ಮಲ್ಲಿಯೂ ಬಡಿಸಿದವಳಿಗೆ ಬಡಿಸ್ಲಿಕ್ಕೆ ಒಬ್ಬಳು ಬೇಕು. ಇಲ್ಲದಿದ್ದರೆ ಅವಳು ಉಪವಾಸ ಮಲಗ್ತಾಳೆ, ನನಗೆ ಗೊತ್ತುಂಟು."

ಅಕ್ಕ ಕೂತಳು. ಕೂರದೆ ಇರಲು ಕಾರಣವೇ ಉಳಿದಿರಲಿಲ್ಲ. ಲಿಲ್ಲಿ ಬಾಯಮ್ಮ ಚಿಮಟವನ್ನು ಬದಿಗಿಟ್ಟು ಕೈಯಿಂದಲೇ ಎರಡು ಪಳಂಪೊರಿ ತೆಗೆದು ಅಕ್ಕನ ತಟ್ಟೆಗೆ ಹಾಕಿ, ಪಕ್ಕದಲ್ಲಿ ನಿಂತರು. ಭಾವ ಜಗಿಯುವುದನ್ನು ನಿಲ್ಲಿಸಿದರು. ಪಲ್ಲವಿ ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಅಕ್ಕ ತಟ್ಟೆ ನೋಡಿದಳು, ಲಿಲ್ಲಿ ಬಾಯಮ್ಮನ ಮುಖ ನೋಡಿದಳು. ಒಂದು ತುಂಡು ಮುರಿದಳು. ಬಾಯಿಗೆ ಹಾಕಿ, ನಿಧಾನ ಜಗಿದು ನುಂಗಿದಳು. ಇನ್ನೊಂದು ತುಂಡು ಮುರಿದಳು. ಅದು ಬೇಗ ಇಳಿಯಿತು. ಮೂರನೆಯದಕ್ಕೆ ಹಿಟ್ಟಿಗೆ ಅರಶಿನ ಹೆಚ್ಚಾಗಿದೆ ಎಂದಳು. ಲಿಲ್ಲಿ ಬಾಯಮ್ಮ ಹೌದೆಂದು ಮತ್ತೊಂದನ್ನು ಹಾಕಲು ಬಗ್ಗಿದಾಗ ಅಕ್ಕ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದು ಸಾಕು ಸಾಕು ಎಂದು ಹಿಂದೆ ಬಾಗಿದಳು. ಅವರು ಬೆರಳ ಸಂದಿಯಿಂದಲೇ ಹಾಕಿಬಿಟ್ಟರು. ನಮ್ಮೂರ ಮದುವೆ ಮುಂಜಿಯ ಜಂಬರಗಳಲ್ಲಿ ನೆಂಟರಿಷ್ಟರ ನಡುವೆ ನಡೆಯುವ ಜಗಳ ಅದು. ಬೇರೆಯವರ ಹತ್ತಿರ ಯಾರೂ ಹಾಗೆ ಕೈ ಅಡ್ಡ ಹಿಡಿಯುವುದಿಲ್ಲ. ನಾನು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ. ಅದರಲ್ಲಿ ಸಮೋಸದ ಖಾರ ಇತ್ತು, ಇನ್ನಷ್ಟು ನೀರು ಬಂತು.

ನನ್ನ ಉದ್ದ ಹೆಸರಿನ ಚಾಕ್ಕೆ ಹುಲ್ಲು ಬೇಯಿಸಿದ ನೀರಿನ ರುಚಿಯಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕೇಕುಗಳು ಮಾತ್ರ, ಏನು ಹೇಳಲಿ, ನಾಲಿಗೆಯ ಮೇಲಿಟ್ಟರೆ ಕೇಳದೆ ಕರಗುತ್ತಿದ್ದವು. ನಾನು ನನ್ನ ಪಾಲಿನದ್ದನ್ನೂ ಭಾವ ಬಿಟ್ಟದ್ದನ್ನೂ ತಿಂದೆ. ಸಂತೋಷ ಹೆಚ್ಚಾಗಿ ಬಾಯಿ ಹರಿಯಿತು. ಮುಂದಿನ ಮಾತುಕತೆಗೆ ಬೆಂಗಳೂರಿನಲ್ಲಿ ಸೇರುವ, ಅಲ್ಲಿ ಇದಕ್ಕಿಂತ ಎತ್ತರದ ತಟ್ಟೆ ಉಂಟಂತೆ, ನಿಶ್ಚಿತಾರ್ಥದ ವಿಷಯಕ್ಕೆ ಮೈಸೂರಾದರೂ ಆದೀತು ಎಂದು ಒಂದೊಂದೇ ಪಟ್ಟಣದ ಹೆಸರು ಹೇಳುತ್ತಿದ್ದೆ. ಹೋಟೆಲುಗಳನ್ನು ಮನಸ್ಸಿನಲ್ಲೇ ಆರಿಸಿಟ್ಟಾಗಿತ್ತು. ಪೊರ್ಬುಗಳು ಪಾಪ, ಎಲ್ಲದಕ್ಕೂ ಆಗಲಿ ಮಾಸ್ಟ್ರೇ ಎನ್ನುತ್ತಿದ್ದರು.

ಅಕ್ಕ ಅಷ್ಟರಲ್ಲಿ ತನ್ನ ಕಪ್ಪನ್ನು ಎತ್ತಿ ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ ಕೆಳಗಿಟ್ಟಳು. ನನ್ನ ಕಡೆ ನೋಡಲೂ ಇಲ್ಲ. ಪಕ್ಕಕ್ಕೆ ತಿರುಗಿ ಹೇಳಿದಳು:

"ಈ ಚಾದಲ್ಲಿ ಎಂತದೂ ಸುಖ ಇಲ್ಲ ಲಿಲ್ಲಿ. ನಿಮ್ಮಲ್ಲಿ ಹಾಲು ಕರೆಯುವ ದನ ಉಂಟಲ್ಲ? ಆದಿತ್ಯವಾರ ನಿಮಗೆ ಇಗರ್ಜಿಯಲ್ಲಿ ಪೂಜೆ ಇರ್ತದೆ. ಸೋಮವಾರ ಬರ್ತೇನೆ. ಬೆಲ್ಲ ಹಾಕಿ ಮಾಡು, ನನಗೆ ಸಕ್ಕರೆ ಆಗುವುದಿಲ್ಲ."

ಪಲ್ಲವಿ ಆಗ ಮೊದಲ ಸಲ ತನ್ನ ತಟ್ಟೆಗೆ ಕೈ ಹಾಕಿ, ಒಂದಿಡೀ ಸಮೋಸವನ್ನು ಒಮ್ಮೆಗೇ ಬಾಯಿಗೆ ತುಂಬಿಕೊಂಡಳು. ನವೀನ ನೀರಿನ ಲೋಟ ಹಿಡಿದು ಕಾದ. ಬೆಂಗಳೂರು, ಮೈಸೂರು, ನಾನು ಆರಿಸಿಟ್ಟಿದ್ದ ಹೋಟೆಲುಗಳು ಎಲ್ಲ ಒಂದು ಸೋಮವಾರದ ಬೆಲ್ಲದ ಚಾದ ಎದುರು ಬಾಗಿಲು ಹಾಕಿಕೊಂಡವು. ನಾನು ಬಡಿಸುವವನನ್ನು ಕರೆದು, ಮೇಲಿನ ಅಂತಸ್ತಿನದ್ದು ಮಾತ್ರ ಇನ್ನೊಂದು ಸಲ ತರಲು ಹೇಳಿದೆ. ಇನ್ನು ಎಷ್ಟು ದಿನ ಮನೆಯ ತಿಂಡಿಯನ್ನೇ ತಿನ್ನಬೇಕೋ ಯಾರಿಗೆ ಗೊತ್ತು!